ಆಧಾರ್ ಚೌಕದ ಸಹಿಯನ್ನು ಓದುವವರು ಯಾರು?

ಹಿರೀಸಾವೆ: ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯ ಈ ಹೋಬಳಿ ಕೇಂದ್ರದಲ್ಲಿ ಸಾರಿಗೆ ಸಂಸ್ಥೆಯ ಬಸ್ ಏರುವ ಮಹಿಳೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು. ನಿರ್ವಾಹಕರು ಭಾವಚಿತ್ರ, ವಿಳಾಸಗಳ ಮೇಲೆ ಕಣ್ಣಾಡಿಸಿ ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ನಡೆದಿರುವುದೇ ಹೀಗೆ. ಕಾರ್ಡಿನ ಮೇಲಿರುವ ಕಪ್ಪು-ಬಿಳುಪು ಚೌಕವನ್ನು, ಅಂದರೆ ಕ್ಯೂಆರ್ ಕೋಡನ್ನು, ಅಲ್ಲಿ ಯಾರೂ ಓದುವುದಿಲ್ಲ. ತುಂಬಿದ ಬಸ್ಸಿನಲ್ಲಿ ಅದನ್ನು ನಿರೀಕ್ಷಿಸುವುದೂ ತರವಲ್ಲ.

ಪ್ರಶ್ನೆ ಏಳುವುದು ಬಸ್ಸಿನಿಂದ ಇಳಿದ ಮೇಲೆ. ಲಾಡ್ಜ್, ಬಾಡಿಗೆ ಮನೆ, ಫೈನಾನ್ಸ್ ಕಚೇರಿ, ಎಲ್ಲೆಡೆ ಕೇಳುವುದು ಆಧಾರ್ ಜೆರಾಕ್ಸ್. ಕಾರ್ಡು ಅಸಲಿಯೇ ಎಂಬುದನ್ನು ಜೆರಾಕ್ಸ್ ಹೇಳಲಾರದು. ಆದರೆ 12 ಅಂಕಿಗಳನ್ನೂ ಪರರ ಕಡತದಲ್ಲಿ ಬಿಟ್ಟುಬರುತ್ತದೆ.

ಚೌಕದ ಲೆಕ್ಕ ಇದಕ್ಕೆ ತದ್ವಿರುದ್ಧ. ಆರಂಭದ ಕಾರ್ಡುಗಳ ಕೋಡಿನಲ್ಲಿ ವಿವರಗಳು ಬರಿಯ ಪಠ್ಯವಾಗಿದ್ದು, ಯಾರು ಬೇಕಾದರೂ ಅಂಥದೊಂದನ್ನು ಸೃಷ್ಟಿಸಬಹುದಿತ್ತು. 2018ರಿಂದ ಬಂದ ಸುರಕ್ಷಿತ ಕೋಡಿನಲ್ಲಿ ಹೆಸರು, ವಿಳಾಸ, ಜನ್ಮದಿನಾಂಕ, ಭಾವಚಿತ್ರಗಳ ಜೊತೆ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಮಾತ್ರ ಅದರಲ್ಲಿವೆ. ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗದು. ಪ್ರಾಧಿಕಾರದ ತಂತ್ರಾಂಶವಿರುವ ಫೋನು ಇಂಟರ್ನೆಟ್ ಇಲ್ಲದೆಯೂ ಇದನ್ನು ಪತ್ತೆಹಚ್ಚಬಲ್ಲದು. 2019ರ ಆಧಾರ್ ತಿದ್ದುಪಡಿ ಕಾಯ್ದೆ ಇಂಥ ಆಫ್‌ಲೈನ್ ಪರಿಶೀಲನೆಗೆ ಮಾನ್ಯತೆಯನ್ನೂ ನೀಡಿದೆ.

ಹಾಗೆಂದು ಓದುವ ತಂತ್ರಾಂಶವೆಲ್ಲ ನಿರಪಾಯಕಾರಿಯಲ್ಲ. ಸಹಿ ಬೇರೆ, ಬೀಗ ಬೇರೆ. ಸಾಮಾನ್ಯ ಸ್ಕ್ಯಾನರ್‌ಗೆ ಉದ್ದನೆಯ ಅಂಕಿಗಳ ಸಾಲಷ್ಟೇ ಕಂಡರೂ, ಅದನ್ನು ಬಿಡಿಸುವ ವಿಧಾನ ಬಹಿರಂಗವಾಗಿಯೇ ಇದೆ. ಗೊತ್ತುಗುರಿಯಿಲ್ಲದ ಆ್ಯಪ್‌ಗೆ ಕಾರ್ಡು ಒಡ್ಡಿದರೆ ವಿಳಾಸ, ಭಾವಚಿತ್ರಗಳು ಅದರ ಪಾಲಾಗಬಹುದು.

ಜೆರಾಕ್ಸ್ ಅಪಾಯವನ್ನು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಬಾಯಿಬಿಟ್ಟು ಹೇಳಿತ್ತು. ಆಧಾರ್ ನಕಲನ್ನು ಯಾವ ಸಂಸ್ಥೆಗೂ ಕೊಡಬೇಡಿ, ಹೋಟೆಲುಗಳು ಅದನ್ನು ಸಂಗ್ರಹಿಸುವಂತಿಲ್ಲ ಎಂದು 2022ರ ಮೇ 27ರಂದು ಅದು ಎಚ್ಚರಿಸಿತು. ತಪ್ಪು ಅರ್ಥ ಬರುವ ಸಾಧ್ಯತೆಯಿದೆ ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆದು, ಜನರೇ ವಿವೇಚನೆಯಿಂದ ವರ್ತಿಸಲಿ ಎಂದಿತು. ಕೌಂಟರಿನ ಮುಂದೆ ನಿಂತ ಸಾಲಗಾರನಿಗೆ ಎಂಥ ವಿವೇಚನೆ? ಕೊಡಲೊಲ್ಲೆ ಎಂದರೆ ಸಾಲವೇ ಸಿಗದು.

ಆಧಾರ್ ಸ್ವೀಕರಿಸುವ ಮುನ್ನ ಪರಿಶೀಲಿಸಿ ಎಂದು ಅದೇ ವರ್ಷ ನವೆಂಬರಿನಲ್ಲಿ ಪ್ರಾಧಿಕಾರವು ರಾಜ್ಯ ಸರ್ಕಾರಗಳನ್ನು ಕೋರಿತು. ಅನೇಕ ಅರ್ಜಿ ನಮೂನೆಗಳು ಈಗಲೂ ಕೇಳುತ್ತಿರುವುದು ಸ್ವಯಂ ದೃಢೀಕರಿಸಿದ ಜೆರಾಕ್ಸ್ ಪ್ರತಿಯನ್ನೇ.