ತಾವ್ ಅಕ್ಕನಿಗೆ ಸಂದ ಐದು ಪ್ರಶಸ್ತಿಗಳು



ಸಿನಿಮಾ ಪ್ರಶಸ್ತಿ ಸಮಾರಂಭ ಅಂದಕೂಡಲೆ ಕಣ್ಣ ಮುಂದೆ ಬರುವುದು ಝಗಝಗಿಸುವ ದೀಪಗಳು, ನೆಲ ಗುಡಿಸುವ ಉಡುಪು ತೊಟ್ಟ ತಾರೆಯರು, ಚಪ್ಪಾಳೆ, ಕ್ಯಾಮೆರಾಗಳ ಮಿಂಚು. ಅದಕ್ಕೂ ನಮ್ಮ ಒಲೆ, ಪಾತ್ರೆ, ಬಟ್ಟೆ ಬುಟ್ಟಿಗೂ ಏನು ಸಂಬಂಧ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದವಳೇ. ಆದರೆ 2012ರ ಏಪ್ರಿಲ್‌ನಲ್ಲಿ ಹಾಂಗ್ ಕಾಂಗ್ ಚಲನಚಿತ್ರ ಪ್ರಶಸ್ತಿಗಳ ಸಮಾರಂಭ ನಡೆದಾಗ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ, ನಟ, ನಟಿ, ಹೀಗೆ ಐದು ದೊಡ್ಡ ಪ್ರಶಸ್ತಿಗಳೂ ಒಂದೇ ಚಿತ್ರಕ್ಕೆ ಸಂದವು. ಆ ಚಿತ್ರದ ನಾಯಕಿ ಯಾರು ಗೊತ್ತೆ? ಅರವತ್ತು ವರ್ಷ ಒಂದೇ ಮನೆಯಲ್ಲಿ ಅಡುಗೆ ಮಾಡಿ, ಮಕ್ಕಳನ್ನು ಎತ್ತಿ ಆಡಿಸಿದ ಒಬ್ಬ ಮುದುಕಿ. ಮನೆಗೆಲಸದವಳು.

ಈ ಸಲ ಆ ಚಿತ್ರದ ಬಗ್ಗೆ, ಅದನ್ನು ತೆಗೆದ ಹೆಣ್ಣುಮಗಳ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಆಡೋಣ ಅನ್ನಿಸಿತು.

ಚೀನೀ ಭಾಷೆಯ ಚಿತ್ರಗಳಿಗೆ ಮುಖ್ಯವಾದ ಪ್ರಶಸ್ತಿಗಳು ನಾಲ್ಕು. ಥೈವಾನಿನಲ್ಲಿ 1962ರಿಂದ ಕೊಡುತ್ತಿರುವುದು 'ಚಿನ್ನದ ಕುದುರೆ'. ಅಲ್ಲಿನ ಎರಡು ದ್ವೀಪಗಳ ಹೆಸರಿನಿಂದ ಒಂದೊಂದು ಅಕ್ಷರ ತೆಗೆದು ಜೋಡಿಸಿದರೆ ಅವರ ಭಾಷೆಯಲ್ಲಿ ಚಿನ್ನ, ಕುದುರೆ ಎಂಬ ಅರ್ಥ ಬರುತ್ತದೆ. ಚೀನಾದಲ್ಲಿ ಎರಡು ಪ್ರಶಸ್ತಿಗಳಿವೆ. ಒಂದು 'ನೂರು ಹೂವು'. 1962ರಲ್ಲಿ ಶುರುವಾಗಿ, ನಡುವೆ ನಿಂತುಹೋಗಿ, 1980ರಲ್ಲಿ ಮತ್ತೆ ಚಿಗುರಿತು. ಒಂದು ಸಿನಿಮಾ ಪತ್ರಿಕೆಯ ಓದುಗರು ಮತ ಹಾಕಿ ಕೊಡುತ್ತಿದ್ದ ಪ್ರಶಸ್ತಿ ಅದು. ಇನ್ನೊಂದು 'ಚಿನ್ನದ ಹುಂಜ'. ಅವರ ಪಂಚಾಂಗದ ಪ್ರಕಾರ 1981 ಹುಂಜದ ವರ್ಷ, ಆ ವರ್ಷವೇ ಶುರುವಾದ್ದರಿಂದ ಆ ಹೆಸರು. ನಾಲ್ಕನೆಯದು 1982ರಲ್ಲಿ ಆರಂಭವಾದ ಹಾಂಗ್ ಕಾಂಗ್ ಪ್ರಶಸ್ತಿ. ಇದನ್ನು ಹುಟ್ಟುಹಾಕಿದ್ದೂ ಒಂದು ಸಿನಿಮಾ ಪತ್ರಿಕೆಯೇ, ನಮ್ಮ ಈ ಪತ್ರಿಕೆಯ ಹಾಗೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ! ರಾಜಕೀಯ ಇಲ್ಲಿಗೂ ಕಾಲಿಟ್ಟಿದೆ ಅನ್ನಿ. 2019ರಲ್ಲಿ ಚೀನಾ ತನ್ನ ಚಿತ್ರಗಳು ಥೈವಾನಿನ ಕುದುರೆ ಪ್ರಶಸ್ತಿಗೆ ಹೋಗದಂತೆ ತಡೆಯಿತು. ದೊಡ್ಡವರ ಜಗಳ, ಅದು ಇರಲಿ.

ಹಾಂಗ್ ಕಾಂಗ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿಯನ್ನು ಆರು ಸಲ ಪಡೆದವರು ಒಬ್ಬ ಹೆಂಗಸು. ಹೆಸರು ಆನ್ ಹುಯಿ. 1983, 1996, 2009, 2012, 2015, 2018. ಹೊಡೆದಾಟದ ಚಿತ್ರಗಳಿಗೆ ಹೆಸರಾದ ಊರಿನಲ್ಲಿ, ಗಂಡಸರೇ ತುಂಬಿದ ಕಸುಬಿನಲ್ಲಿ, ಬೇರೆ ಯಾರೂ ಇಷ್ಟು ಸಲ ಅದನ್ನು ಗೆದ್ದಿಲ್ಲ. ಥೈವಾನಿನ ಕುದುರೆಯನ್ನೂ ನಿರ್ದೇಶನಕ್ಕಾಗಿ ಮೂರು ಸಲ ಮನೆಗೆ ತಂದಿದ್ದಾರೆ. 2020ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವ ಅವರ ಜೀವಮಾನದ ಸಾಧನೆಗೆ ಚಿನ್ನದ ಸಿಂಹವನ್ನು ಕೊಟ್ಟಿತು.

ಆನ್ ಹುಯಿ ಹುಟ್ಟಿದ್ದು 1947ರಲ್ಲಿ, ಚೀನಾದ ಆನ್‌ಶಾನ್ ಎಂಬ ಊರಿನಲ್ಲಿ. ತಂದೆ ಚೀನೀಯರು, ತಾಯಿ ಜಪಾನಿನವರು. ಆಗತಾನೆ ಯುದ್ಧ ಮುಗಿದಿತ್ತು. ಜಪಾನಿನವರೆಂದರೆ ಚೀನಾದಲ್ಲಿ ಎಲ್ಲರಿಗೂ ಸಿಟ್ಟಿದ್ದ ಕಾಲ. ತನ್ನ ತಾಯಿ ಜಪಾನಿನ ಹೆಂಗಸು ಎಂಬುದು ಮಗಳಿಗೆ ತಿಳಿದದ್ದೇ ಹದಿಹರೆಯಕ್ಕೆ ಬಂದ ಮೇಲೆ! ಅಲ್ಲಿಯವರೆಗೆ, ಅಮ್ಮ ಯಾಕೆ ಯಾರೊಡನೆಯೂ ಬೆರೆಯುವುದಿಲ್ಲ, ಯಾಕೆ ಸದಾ ಮುಖ ಗಂಟುಹಾಕಿಕೊಂಡಿರುತ್ತಾಳೆ ಅಂತ ಆ ಹುಡುಗಿಗೆ ಅರ್ಥವೇ ಆಗಿರಲಿಲ್ಲ. ಮಾತು ಬಾರದ ಊರಲ್ಲಿ, ತನ್ನವರಿಲ್ಲದ ಮನೆಯಲ್ಲಿ ಬಾಳಿದ ಆ ತಾಯಿಯ ಸಂಕಟವನ್ನೇ ಮುಂದೆ ಆನ್ 1990ರಲ್ಲಿ ಒಂದು ಚಿತ್ರ ಮಾಡಿದರು. ಮದುವೆಯಾಗಿ ದೂರದ ಊರಿಗೆ ಬಂದವರಿಗೆ ಆ ಸಂಕಟ ಸ್ವಲ್ಪವಾದರೂ ತಿಳಿದಿರುತ್ತದೆ.

ಹಾಂಗ್ ಕಾಂಗಿನಲ್ಲಿ ಸಾಹಿತ್ಯ ಓದಿ, ಲಂಡನ್ನಿನಲ್ಲಿ ಸಿನಿಮಾ ಕಲಿತು ಬಂದು, ಟೆಲಿವಿಷನ್ನಿನಲ್ಲಿ ಕೆಲಸ ಮಾಡಿ, 1979ರಲ್ಲಿ ಮೊದಲ ಚಿತ್ರ ತೆಗೆದರು. ವಿಯೆಟ್ನಾಮಿನ ನಿರಾಶ್ರಿತರ ಕಥೆಗೆ ಮೊದಲ ನಿರ್ದೇಶನ ಪ್ರಶಸ್ತಿ ಬಂತು. ಚೀನಾದ ಲೇಖಕಿಯೊಬ್ಬಳ ಜೀವನವನ್ನೂ, ಯುದ್ಧಕಾಲದಲ್ಲಿ ಗುಟ್ಟಾಗಿ ಹೋರಾಡಿದ ಹುಡುಗಿಯ ಕಥೆಯನ್ನೂ ತೆಗೆದಿದ್ದಾರೆ. ಆದರೆ ನಾನು ಹೇಳಬೇಕೆಂದಿರುವುದು ಬೇರೆ ಮೂರು ಚಿತ್ರಗಳ ವಿಚಾರ. ಮೂರಕ್ಕೂ ನಿರ್ದೇಶನದ ಪ್ರಶಸ್ತಿ ಬಂದಿದೆ. ಮೂರರಲ್ಲೂ ಕಥೆ ನಡೆಯುವುದು ಮನೆ, ಅಡುಗೆ, ಕಾಯಿಲೆ, ಮುಪ್ಪು ಇವುಗಳ ಸುತ್ತಲೇ.

ಮೊದಲನೆಯದು 1995ರದು. ಚೀನೀ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ಹೆಂಗಸು, ನಲವತ್ತು'. ನಲವತ್ತು ದಾಟಿದ ನನಗೆ ಆ ಹೆಸರು ಕೇಳಿಯೇ ಕುತೂಹಲವಾಯಿತು! ಮೇ ಎಂಬ ಹೆಂಗಸು ಕಂಪನಿಯೊಂದರಲ್ಲಿ ಕೆಲಸಕ್ಕೂ ಹೋಗುತ್ತಾಳೆ, ಮನೆಯನ್ನೂ ನೋಡಿಕೊಳ್ಳುತ್ತಾಳೆ. ಒಳ್ಳೆಯವಳಾದ ಅತ್ತೆ ಇದ್ದಕ್ಕಿದ್ದ ಹಾಗೆ ತೀರಿಕೊಳ್ಳುತ್ತಾಳೆ. ಉಳಿದವರು ಮಾವ. ಯುದ್ಧಕಾಲದಲ್ಲಿ ವಿಮಾನಪಡೆಯಲ್ಲಿದ್ದ ಗಡಸು ಮನುಷ್ಯ, ಸೊಸೆಯನ್ನು ಕಂಡರೆ ಆಗದು. ಅವರಿಗೆ ಮರೆವಿನ ಕಾಯಿಲೆ ಶುರುವಾಗುತ್ತದೆ. ಹೊತ್ತುಗೊತ್ತು ಗೊತ್ತಾಗದು, ಮನೆ ಬಿಟ್ಟು ಹೋಗುತ್ತಾರೆ, ಸ್ವಂತ ಮಕ್ಕಳ ಗುರುತೂ ಮಸುಕಾಗುತ್ತದೆ. ಗುರುತು ಉಳಿಯುವುದು ಸೊಸೆಯೊಬ್ಬಳದೇ!

ಮಾವನ ಕಾಯಿಲೆ ಅಂದರೆ ಮಗನ ಹೊಣೆ ತಾನೆ? ಮಗ ಕೆಟ್ಟವನಲ್ಲ, ಆದರೆ ಏನು ಮಾಡಬೇಕೆಂದು ತಿಳಿಯದವನು. ಹೊರೆಯೆಲ್ಲ ಮೇಯ ಹೆಗಲಿಗೇ ಬೀಳುತ್ತದೆ. ಆಕೆಗೆ ಸಿಟ್ಟು ಬರುತ್ತದೆ, ಅಳು ಬರುತ್ತದೆ, ನಗುವೂ ಬರುತ್ತದೆ. ಚಿತ್ರದಲ್ಲಿ ಅವಳನ್ನು ದೇವತೆ ಮಾಡಿ ಕೂರಿಸಿಲ್ಲ, ಅದೇ ನನಗೆ ಹಿಡಿಸಿದ್ದು. ಮೇಯ ಪಾತ್ರ ಮಾಡಿದ ಜೋಸೆಫಿನ್ ಸಿಯಾವ್ ಎಳವೆಯಿಂದಲೇ ನಟಿಸುತ್ತಾ ಬಂದವರು. ಅವರಿಗೆ 1995ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ಚಿತ್ರಕ್ಕೆ ಥೈವಾನಿನ ಕುದುರೆಯೂ ಬಂತು. ಮರುವರ್ಷ ಹಾಂಗ್ ಕಾಂಗಿನಲ್ಲಿ ಚಿತ್ರ, ನಿರ್ದೇಶನ, ನಟಿ, ಮಾವನ ಪಾತ್ರದ ರಾಯ್ ಚಿಯಾವ್ ಅವರಿಗೆ ನಟ, ಹೀಗೆ ಬುಟ್ಟಿ ತುಂಬ ಪ್ರಶಸ್ತಿಗಳು ಬಂದವು.

ಎರಡನೆಯದು 2008ರ ಚಿತ್ರ. ಹಾಂಗ್ ಕಾಂಗಿನ ಅಂಚಿನಲ್ಲಿ ಥಿನ್ ಶುಯಿ ವಾಯ್ ಅಂತ ಒಂದು ಬಡಾವಣೆ. ಎತ್ತರದ ಸರ್ಕಾರಿ ಕಟ್ಟಡಗಳು, ಬಡವರೇ ಹೆಚ್ಚು. ಸಾವುನೋವಿನ ಸುದ್ದಿಗಳಿಂದಾಗಿ ಪತ್ರಿಕೆಗಳು ಅದಕ್ಕೆ ದುಃಖದ ಊರು ಎಂದೇ ಹೆಸರಿಟ್ಟಿದ್ದವು. ಆನ್ ಅಲ್ಲಿಗೆ ಹೋಗಿ ಯಾವ ಸಾವುನೋವನ್ನೂ ತೋರಿಸದೆ, ಒಬ್ಬ ವಿಧವೆ ತಾಯಿ, ಅವಳ ಮಗ, ಅದೇ ಕಟ್ಟಡಕ್ಕೆ ಹೊಸದಾಗಿ ಬಂದ ಒಂಟಿ ಅಜ್ಜಿ, ಈ ಮೂವರ ದಿನನಿತ್ಯವನ್ನು ತೋರಿಸಿದರು. ತಾಯಿಗೆ ಅಂಗಡಿಯಲ್ಲಿ ಡ್ಯೂರಿಯನ್ ಹಣ್ಣು ಕತ್ತರಿಸುವ ಕೆಲಸ. ನಮ್ಮ ಹಲಸಿನ ಹಾಗೆ ಮುಳ್ಳು ಮುಳ್ಳಾಗಿ, ಮೂಗು ತುಂಬುವ ವಾಸನೆಯ ಹಣ್ಣು ಅದು. ಕೆಲಸ ಮುಗಿಸಿ ಬಂದು ಅಡುಗೆ ಮಾಡುತ್ತಾಳೆ, ಮಗನೊಡನೆ ಕೂತು ಉಣ್ಣುತ್ತಾಳೆ. ಅಜ್ಜಿಗೆ ಸಾಮಾನು ಹೊತ್ತು ತರಲು ಜೊತೆಯಾಗುತ್ತಾಳೆ. ಆ ಅಜ್ಜಿಗೆ ಮಗಳು ತೀರಿಹೋಗಿದ್ದಾಳೆ, ಅಳಿಯ ಬೇರೆ ಮದುವೆಯಾಗಿದ್ದಾನೆ. ಅವನಿಗೂ ಮೊಮ್ಮಗನಿಗೂ ಅಂತ ಚಿನ್ನ ಕೊಂಡುಕೊಂಡು ಹೋದರೆ ಅವನು ತೆಗೆದುಕೊಳ್ಳುವುದಿಲ್ಲ. ಆಗ ಅಜ್ಜಿಗೆ ಉಳಿಯುವ ನಂಟು ಈ ನೆರೆಮನೆಯವಳದೇ. ಚಿತ್ರದಲ್ಲಿ ಇದಕ್ಕಿಂತ ದೊಡ್ಡದು ಏನೂ ನಡೆಯುವುದಿಲ್ಲ. 'ಇದರಲ್ಲೇನಿದೆ ಸಿನಿಮಾ ಮಾಡೋಕೆ?' ಅಂತ ನಮ್ಮ ಯಜಮಾನರು ಕೇಳಿದರು. ಪ್ರಶಸ್ತಿಯವರು ಹಾಗೆ ಕೇಳಲಿಲ್ಲ. ನಿರ್ದೇಶನ, ಚಿತ್ರಕಥೆ, ತಾಯಿಯ ಪಾತ್ರಕ್ಕೆ ಅತ್ಯುತ್ತಮ ನಟಿ, ಅಜ್ಜಿಯ ಪಾತ್ರಕ್ಕೆ ಪೋಷಕ ನಟಿ, ನಾಲ್ಕನ್ನೂ ಕೊಟ್ಟರು.

ಈಗ ನಮ್ಮ ತಾವ್ ಅಕ್ಕನ ಕಡೆಗೆ ಬರೋಣ.

ಹಿಂದೆ ದಕ್ಷಿಣ ಚೀನಾದಿಂದ ಬಡ ಮನೆಗಳ ಹೆಣ್ಣುಮಕ್ಕಳು ಹಾಂಗ್ ಕಾಂಗಿಗೆ ಮನೆಗೆಲಸಕ್ಕೆ ಬರುತ್ತಿದ್ದರು. ಬಿಳಿ ಅಂಗಿ, ಕಪ್ಪು ಷರಾಯಿ, ಉದ್ದ ಜಡೆ. ಅವರಲ್ಲಿ ಎಷ್ಟೋ ಮಂದಿ ಮದುವೆಯೇ ಆಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರು. ಯಜಮಾನರ ಮಕ್ಕಳೇ ಅವರ ಮಕ್ಕಳು. ಮುಂದೆ ಆ ಕೆಲಸಕ್ಕೆ ಫಿಲಿಪ್ಪೈನ್ಸಿನ ಹೆಂಗಸರು ಬಂದರು, ಹಳೆಯ ತಲೆಮಾರು ಮುದಿಯಾಯಿತು. ಚಿತ್ರದ ತಾವ್ ಎಳೆ ವಯಸ್ಸಿಗೇ ಒಂದು ಮನೆಗೆ ಸೇರಿ ನಾಲ್ಕು ತಲೆಮಾರನ್ನು ನೋಡಿದವಳು. 'ತಾವ್' ಅಂದರೆ ಪೀಚ್ ಹಣ್ಣು, ಜೊತೆಗೆ 'ಅಕ್ಕ' ಅಂತ ಸೇರಿಸಿ ಕರೆಯುತ್ತಾರೆ. ಮನೆಯವರೆಲ್ಲ ಅಮೆರಿಕಕ್ಕೆ ಹೋದರು. ಉಳಿದವನು ಮದುವೆಯಾಗದ ಮಗ ರೋಜರ್, ಸಿನಿಮಾ ನಿರ್ಮಾಪಕ. ಅವನಿಗೆ ಬೇಯಿಸಿ ಹಾಕುವುದೇ ಅವಳ ಲೋಕ. ಮಾರ್ಕೆಟ್ಟಿಗೆ ಹೋದರೆ ಬೆಳ್ಳುಳ್ಳಿಯನ್ನು ಒಂದೊಂದಾಗಿ ಆರಿಸುವವಳು, ಅಂಗಡಿಯವರು ಗೋಳುಹೊಯ್ದುಕೊಂಡರೂ ಬಿಡುವವಳಲ್ಲ! ಅವನಿಗೆ ಹೃದಯದ ಆಪರೇಷನ್ ಆಗಿದೆ, ಆಸೆಪಟ್ಟು ಕೇಳಿದ ಮಾಂಸವನ್ನು ಕೊಡುವುದಿಲ್ಲ ಅಂತ ಗದರುತ್ತಾಳೆ.

ಒಂದು ದಿನ ಅವಳಿಗೆ ಲಕ್ವ ಹೊಡೆಯುತ್ತದೆ. 'ನಾನಿನ್ನು ಕೆಲಸ ಮಾಡಲಾರೆ, ವೃದ್ಧಾಶ್ರಮಕ್ಕೆ ಸೇರಿಸು' ಅನ್ನುತ್ತಾಳೆ. ಹೋದರೆ ಅಲ್ಲಿ ಇರುವುದು ಹಲಗೆ ಅಡ್ಡಗಟ್ಟಿದ ಪುಟ್ಟ ಗೂಡುಗಳು. ಇನ್ನೊಬ್ಬರು ಬೇಯಿಸಿದ್ದನ್ನು ತಿನ್ನಬೇಕು, ಇನ್ನೊಬ್ಬರ ಕೈ ಹಿಡಿದು ನಡೆಯಬೇಕು. ಇಷ್ಟು ವರ್ಷ ತಟ್ಟೆಯ ಮುಂದೆ ಕೂತು ಉಂಡ ರೋಜರ್ ಈಗ ಮನೆಗೆಲಸ ತಾನೇ ಮಾಡಿಕೊಳ್ಳಬೇಕು. ಅವಳ ಕೆಲಸ ಎಷ್ಟಿತ್ತೆಂದು ಆಗ ಅವನಿಗೆ ತಿಳಿಯುತ್ತದೆ. ಆಶ್ರಮಕ್ಕೆ ಬಂದುಹೋಗುತ್ತಾನೆ, ಹೊರಗೆ ಊಟಕ್ಕೆ ಕರೆದೊಯ್ಯುತ್ತಾನೆ. ಅಲ್ಲಿಯವರು ಕೇಳಿದರೆ ನಾನು ಇವಳ ಸಾಕುಮಗ ಅನ್ನುತ್ತಾನೆ. ತನ್ನ ಚಿತ್ರದ ಮೊದಲ ಪ್ರದರ್ಶನಕ್ಕೆ ಅವಳನ್ನು ಅಲಂಕಾರ ಮಾಡಿಸಿ, ಕೈಹಿಡಿದು ನಡೆಸಿಕೊಂಡು ಹೋಗುತ್ತಾನೆ. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ ಬಟ್ಟೆಯನ್ನು ಅವಳು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಾಳೆ. ಅದನ್ನು ತೆಗೆದು ತೋರಿಸುವ ದೃಶ್ಯದಲ್ಲಿ ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಇದು ಕಟ್ಟುಕತೆಯಲ್ಲ. ರೋಜರ್ ಲೀ ಎಂಬ ನಿಜವಾದ ನಿರ್ಮಾಪಕರೇ ತಮ್ಮ ಮನೆಯ ಕೆಲಸದಾಕೆಯ ಕಥೆಯನ್ನು ಆನ್‌ಗೆ ಹೇಳಿದ್ದು, ಚಿತ್ರಕಥೆಯಲ್ಲೂ ಕೈಜೋಡಿಸಿದ್ದು. ಮುದುಕಿಯೊಬ್ಬಳ ಕಥೆಗೆ ಹಣ ಹಾಕುವವರು ಎಲ್ಲಿದ್ದಾರೆ? ಕೊನೆಗೆ ದೊಡ್ಡ ತಾರೆ ಆಂಡಿ ಲಾವ್ ತಾವೇ ಹಣ ಹೂಡಿ, ರೋಜರನ ಪಾತ್ರವನ್ನೂ ಮಾಡಿದರು. ತಾವ್ ಅಕ್ಕನಾದವರು ಡೀನಿ ಇಪ್. ಇಬ್ಬರೂ ಹಿಂದೆಯೂ ತೆರೆಯ ಮೇಲೆ ತಾಯಿ ಮಗ ಆಗಿದ್ದವರು. 2011ರ ವೆನಿಸ್ ಚಿತ್ರೋತ್ಸವದಲ್ಲಿ ಅರವತ್ತು ದಾಟಿದ ಡೀನಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಅದೇ ವರ್ಷ ಥೈವಾನಿನ ಕುದುರೆ ನಿರ್ದೇಶಕಿ, ನಟ, ನಟಿ ಮೂವರಿಗೂ ಒಲಿಯಿತು. ಆಮೇಲೆ ಹಾಂಗ್ ಕಾಂಗಿನ ಆ ಐದು.

ಆನ್ ಮದುವೆಯಾಗಲಿಲ್ಲ. ಇಷ್ಟು ಪ್ರಶಸ್ತಿ ಪಡೆದವರು ಬಾಡಿಗೆ ಮನೆಯಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಂಡು ಬಾಳಿದರು. ಅವರ ಮೇಲೆ 2020ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಆ ತಾಯಿಮಗಳನ್ನು ನೋಡಬಹುದು. ಶೂಟಿಂಗ್ ಮುಗಿಸಿ ಬಂದರೆ ಮನೆಯಲ್ಲಿ ಅಮ್ಮ. ಮುಪ್ಪಿನ ಕಥೆಗಳು ಅವರ ಕೈಯಲ್ಲಿ ಅಷ್ಟು ನಿಜವಾಗಿ ಮೂಡಲು ಇದೂ ಒಂದು ಕಾರಣ ಇರಬೇಕು.

ಇದನ್ನೆಲ್ಲ ನಿಮಗೆ ಯಾಕೆ ಹೇಳಿದೆ? ಹಾಸಿಗೆ ಹಿಡಿದವರ ಬಟ್ಟೆ ಬದಲಾಯಿಸುವುದು, ಮಾತ್ರೆ ನುಂಗಿಸುವುದು, ಕೇಳಿದ್ದನ್ನೇ ನೂರು ಸಲ ಕೇಳಿದರೂ ಉತ್ತರ ಕೊಡುವುದು, ಇವೆಲ್ಲ ನಮ್ಮ ಮನೆಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 'ಮನೇಲಿ ಇರೋಳು ತಾನೆ, ನೋಡ್ಕೋತಾಳೆ' ಅಂತ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಅದೇ ಕೆಲಸವನ್ನು ಆನ್ ಹುಯಿ ಎರಡು ಗಂಟೆ ತೆರೆಯ ಮೇಲೆ ತೋರಿಸಿದಾಗ ತುಂಬಿದ ಸಭೆ ಎದ್ದು ನಿಲ್ಲುವ ಹಾಗಾಯಿತು. ಆ ಕೆಲಸಕ್ಕೆ ಬೆಲೆ ಇದೆ ಅಂತ ಆಯಿತಲ್ಲ. ಆ ಬೆಲೆಯನ್ನು ಮೊದಲು ನಾವು ಕಟ್ಟಬೇಕು, ಆಮೇಲೆ ಮನೆಯವರಿಗೆ ಹೇಳಬೇಕು.

ಹಾಗೆ ಹೇಳುವುದೆಂದರೆ ಜಗಳವಾಡುವುದಲ್ಲ. ಅತ್ತೆ ಮಾವನ ಔಷಧಿಯ ಪಟ್ಟಿ, ಡಾಕ್ಟರ ಚೀಟಿ, ಊಟದ ಪಥ್ಯ ಎಲ್ಲ ನಿಮ್ಮೊಬ್ಬರ ತಲೆಯಲ್ಲೇ ಇರಬಾರದು. ಒಂದು ಪುಸ್ತಕದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಿ. ಕಲಿಯಲು ರೋಜರ್ ಐವತ್ತರ ಹತ್ತಿರಕ್ಕೆ ಬರುವತನಕ ಕಾದ. ನಿಮ್ಮ ಮಗನಿಗೆ ಅನ್ನ ಬಸಿಯುವುದನ್ನೂ ತಾತನ ಹಾಸಿಗೆ ಸರಿಮಾಡುವುದನ್ನೂ ಹದಿನೈದಕ್ಕೇ ಕಲಿಸಿ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಆ ಹೊಣೆ ಬೇರೆಯವರ ಕೈಗೆ ಹೋಗಲಿ, ನೀವು ಕಾಲು ಚಾಚಿ ಮಲಗಿ. ಇನ್ನು ನಿಮ್ಮ ಮನೆಗೆ ಬರುವ ಕೆಲಸದಾಕೆ ಇದ್ದಾಳಲ್ಲ, ಅವಳಿಗೆ ಕೈಲಾಗದ ಕಾಲಕ್ಕೆ ಏನು ಆಸರೆ ಇದೆ ಅಂತ ಒಂದು ಸಲ ಕೂರಿಸಿ ಕೇಳಿ. ಅವಳ ಹೆಸರಿನಲ್ಲಿ ಪೋಸ್ಟಾಫೀಸಿನ ಖಾತೆ ಇಲ್ಲದಿದ್ದರೆ ಜೊತೆಗೆ ಹೋಗಿ ಮಾಡಿಸಿಕೊಡಿ.

ಚಿತ್ರ ಸಿಕ್ಕಿದರೆ ಮನೆಯವರೆಲ್ಲ ಕೂತು ನೋಡಿ. ಭಾಷೆ ಬಾರದಿದ್ದರೆ ಕೆಳಗೆ ಬರುವ ಇಂಗ್ಲಿಷನ್ನು ಮಕ್ಕಳು ಓದಿ ಹೇಳಲಿ. ಬೆಳ್ಳುಳ್ಳಿ ಆರಿಸುವ ದೃಶ್ಯಕ್ಕೆ ಯಾರ ಸಹಾಯವೂ ಬೇಡ, ಅದು ನಮಗೇ ಅರ್ಥವಾಗುತ್ತದೆ.