ಎದೆಗೂಡಿನಲ್ಲಿ ಕೀವು: ಜ್ವರ ಇಳಿಯದಿದ್ದಾಗ

ಶ್ವಾಸಕೋಶವನ್ನು ಎರಡು ಪದರಗಳ ತೆಳುಪೊರೆಯೊಂದು ಆವರಿಸಿಕೊಂಡಿದೆ. ಒಳಪದರವು ಶ್ವಾಸಕೋಶಕ್ಕೂ ಹೊರಪದರವು ಎದೆಗೂಡಿನ ಒಳಭಿತ್ತಿಗೂ ಅಂಟಿಕೊಂಡಿವೆ. ನಡುವೆ ಇರುವ ಅತ್ಯಲ್ಪ ದ್ರವದಿಂದಾಗಿ ಉಸಿರಾಡುವಾಗ ಅವು ಉಜ್ಜಿಕೊಳ್ಳದೆ ಜಾರುತ್ತವೆ. ಈ ಎಡೆಯಲ್ಲಿ ಬ್ಯಾಕ್ಟೀರಿಯಗಳು ಸೇರಿ ಕೀವು ತುಂಬುವ ಕಾಯಿಲೆಯನ್ನು ವೈದ್ಯರು ‘ಎಂಪೈಮಾ’ ಎನ್ನುತ್ತಾರೆ. ನ್ಯುಮೋನಿಯಾ ಬಂದ ಮಕ್ಕಳಲ್ಲಿ ಕೆಲವರಿಗೆ ಮಾತ್ರ ಇದು ತಗಲುತ್ತದೆ.

ನ್ಯುಮೊಕಾಕಸ್ ಮತ್ತು ಸ್ಟೆಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಗಳು ಇದರ ಮುಖ್ಯ ಕಾರಣಗಳು. ಕ್ಷಯದಿಂದಲೂ ಇದು ಉಂಟಾಗಬಹುದು. ಮೊದಲು ತಿಳಿನೀರು ಸೇರುತ್ತದೆ. ಬಳಿಕ ಅದು ಕೀವಾಗಿ, ಜೇಡರ ಬಲೆಯಂತಹ ಎಳೆಗಳು ಹೆಣೆದುಕೊಂಡು ಸಣ್ಣ ಸಣ್ಣ ಕೋಣೆಗಳಾಗುತ್ತವೆ. ಕಡೆಗೆ ದಪ್ಪ ಸಿಪ್ಪೆ ಬೆಳೆದು ಶ್ವಾಸಕೋಶವನ್ನು ಅರಳಗೊಡುವುದಿಲ್ಲ. ರಕ್ತದಲ್ಲಿರುವ ಔಷಧವು ಈ ಕೀವಿನೊಳಕ್ಕೆ ಸಾಕಷ್ಟು ಇಳಿಯದು. ಆದುದರಿಂದ ಕೀವನ್ನು ಹೊರತೆಗೆಯುವುದು ಅನಿವಾರ್ಯ.

ಹೇಗೆ ತೆಗೆಯಬೇಕೆಂಬುದನ್ನು ವೈದ್ಯರು ಕಷ್ಟದಿಂದ ಕಲಿತರು. 1918ರಲ್ಲಿ ಅಮೆರಿಕದ ಸೈನಿಕ ಶಿಬಿರಗಳಲ್ಲಿ ಈ ಕಾಯಿಲೆ ಹರಡಿದಾಗ ರೋಗಿಗಳ ಎದೆಯನ್ನು ಆರಂಭದಲ್ಲಿಯೇ ಕೊಯ್ದು ತೆರೆಯುತ್ತಿದ್ದರು. ಗಾಳಿ ಒಳನುಗ್ಗಿ ಶ್ವಾಸಕೋಶ ಕುಸಿಯುತ್ತಿತ್ತು; ಶೇ. 30ರಷ್ಟು ಮಂದಿ ಸಾಯುತ್ತಿದ್ದರು. ಎವರ್ಟ್ಸ್ ಗ್ರಹಾಂ ಮೊದಲಾದವರಿದ್ದ ಆಯೋಗವು ಗಾಳಿ ಹೋಗದಂತೆ ಕೀವನ್ನು ಹೊರಹರಿಸಲು ಸೂಚಿಸಿದ ಮೇಲೆ ಸಾವುಗಳು ಬಹುವಾಗಿ ತಗ್ಗಿದವು.

ಇಂದಿನ ಚಿಕಿತ್ಸೆಯೂ ಅದೇ ತತ್ತ್ವವನ್ನು ಅನುಸರಿಸುತ್ತದೆ. ಎಕ್ಸ್‌ರೇ ಹಾಗೂ ಅಲ್ಟ್ರಾಸೌಂಡ್ ಪರೀಕ್ಷೆಯ ಬಳಿಕ ಪಕ್ಕೆಲುಬುಗಳ ನಡುವೆ ಕೊಳವೆಯೊಂದನ್ನು ತೂರಿಸಿ, ಅದರ ಹೊರತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಿಡುತ್ತಾರೆ. ಕೀವೂ ಗಾಳಿಯೂ ಹೊರಬರುತ್ತವೆ. ನೀರು ಅಡ್ಡವಿರುವುದರಿಂದ ಗಾಳಿ ಮರಳಿ ಒಳಹೋಗದು. ಜೊತೆಗೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ನೀಡುತ್ತಾರೆ. ಎಳೆಗಳನ್ನು ಕರಗಿಸಲು ಕೊಳವೆಯ ಮೂಲಕ ಔಷಧ ಹಾಕುವುದೂ ಉಂಟು. ಅದಕ್ಕೂ ಬಗ್ಗದಿದ್ದರೆ ಸಣ್ಣ ರಂಧ್ರಗಳ ಮೂಲಕ ದೂರದರ್ಶಕ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತ ಮಕ್ಕಳ ಶ್ವಾಸಕೋಶವು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಮೊದಲಿನಂತಾಗುತ್ತದೆ.

ಸಕಾಲವನ್ನು ಗುರುತಿಸುವ ಹೊಣೆ ಹೆತ್ತವರದು. ನ್ಯುಮೋನಿಯಾಕ್ಕೆ ಆ್ಯಂಟಿಬಯೋಟಿಕ್ ಆರಂಭಿಸಿ 48 ಗಂಟೆ ಕಳೆದರೂ ಜ್ವರ ಇಳಿಯದಿದ್ದರೆ, ಮಗು ಒಂದು ಪಕ್ಕೆಯ ನೋವೆಂದು ಆ ಕಡೆಗೆ ಬಾಗಿ ಮಲಗಿದರೆ, ಉಸಿರು ವೇಗವಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತುಟಿ ನೀಲಿಯಾದರಂತೂ ಕ್ಷಣವೂ ತಡೆಯಬಾರದು. ಔಷಧದಂಗಡಿಯಿಂದ ಮತ್ತೊಂದು ಬಾಟಲಿ ಸಿರಪ್ ತಂದು ಕಾಯುವುದು ಅಪಾಯಕರ. ನ್ಯುಮೊಕಾಕಸ್ ವಿರುದ್ಧದ ಪಿ.ಸಿ.ವಿ. ಲಸಿಕೆಯನ್ನು 6 ವಾರ, 14 ವಾರ ಮತ್ತು 9 ತಿಂಗಳುಗಳಲ್ಲಿ ಸರಕಾರಿ ಕೇಂದ್ರಗಳು ಉಚಿತವಾಗಿ ನೀಡುತ್ತವೆ. ಅದು ಎಲ್ಲ ಬ್ಯಾಕ್ಟೀರಿಯಗಳನ್ನು ತಡೆಯದಿದ್ದರೂ ಮುಖ್ಯವಾದೊಂದನ್ನು ತಡೆಯುತ್ತದೆ.

ಗಡಿನಾಡಿನ ಮನೆಗಳಿಗೆ ಇನ್ನೊಂದು ತೊಡಕಿದೆ. ಆಸ್ಪತ್ರೆಯ ಭಾಷೆ ಮನೆಯ ಭಾಷೆಯಲ್ಲ. ಜ್ವರ ಬಂದ ದಿನ, ಕೊಟ್ಟ ಔಷಧ, ಕೊಟ್ಟ ಹೊತ್ತು ಇವನ್ನು ಚೀಟಿಯಲ್ಲಿ ಬರೆದಿಟ್ಟು, ಔಷಧದ ಬಾಟಲಿಯನ್ನೇ ಕೊಂಡೊಯ್ದರೆ ಮಾತು ಸಾಲದಿದ್ದರೂ ವಿಷಯ ವೈದ್ಯರಿಗೆ ತಲುಪುತ್ತದೆ. ಬಿಡುಗಡೆಯ ದಿನ ಚೀಟಿಯಲ್ಲಿ ಬರೆದುದನ್ನು ಬಲ್ಲವರಿಂದ ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳಬೇಕು. ಜ್ವರ ಬಿಟ್ಟಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು.