ಆರ್ಗನ್ನನ್ನು ಗುಜರಿಗೆ ಹಾಕುವ ಮುನ್ನ

2016ರಲ್ಲಿ ಪಾರ್ಲೆ ಬಿಸ್ಕತ್ ಕಾರ್ಖಾನೆ ಮುಚ್ಚಿದಾಗ ವಿಲೆ ಪಾರ್ಲೆಯ ಗಾಳಿಯ ಆ ಘಮಕ್ಕಾಗಿ ನಾವೆಲ್ಲ ಮರುಗಿದೆವು. ಚರ್ಚುಗಳ ಮೂಲೆಯಿಂದ ಕಾಲಲ್ಲಿ ತುಳಿದು ನುಡಿಸುವ ಆರ್ಗನ್ ಎದ್ದು ಹೋಗಿ ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದು ಕೂತಾಗ ಮರುಗಿದವರು ಯಾರು?

'ಪರದೇಶದ ವಾದ್ಯ, ಹೋದರೆ ಹೋಗಲಿ' ಎನ್ನುವವರಿದ್ದಾರೆ. ಹಳಸಿದ ವಾದ. ಇದೇ ಜಾತಿಯ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದೆಂದು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಹೊರಗಟ್ಟಿತು. 1971ರಲ್ಲಿ ನಿಷೇಧ ಸಡಿಲಿಸಬೇಕಾಯಿತು. ಪಾರ್ಲೆಯ ದೀನಾನಾಥ ಮಂಗೇಶ್ಕರ್ ನಾಟ್ಯಗೃಹದಲ್ಲಿ ಮರಾಠಿ ನಾಟ್ಯಸಂಗೀತಕ್ಕೆ ಆರ್ಗನ್ ಜೊತೆಯಾದರೆ ಅದು ಪರಂಪರೆ. ನಮ್ಮ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ಕೂಡ ಪರಂಪರೆ. ಚರ್ಚಿನೊಳಗಿದ್ದರೆ ಮಾತ್ರ ಪರದೇಶಿಯೇ? ಹಾಗಾದರೆ ಕೀಬೋರ್ಡ್ ಯಾವ ಊರಿನದು ಸ್ವಾಮಿ, ಗದಗಿನದೇ?

ಇನ್ನು ಕೆಲವರು ವ್ಯಾಟಿಕನ್ನನ್ನು ಎಳೆದು ತರುತ್ತಾರೆ. 1963ರ ಆರಾಧನಾ ವಿಧಿಯ ದಸ್ತಾವೇಜು ಬೇರೆ ವಾದ್ಯಗಳಿಗೆ ಬಾಗಿಲು ತೆರೆದದ್ದು ನಿಜ. ಆದರೆ ಅದೇ 120ನೇ ಪರಿಚ್ಛೇದ ಮೊದಲು ಹೇಳುವುದು ಆರ್ಗನ್ನಿಗೆ ಗೌರವ ಸಲ್ಲಬೇಕೆಂದು. ಅದು ದೊಡ್ಡ ಕೊಳವೆ ಆರ್ಗನ್ನಿನ ಮಾತು, ನಮ್ಮದು ಅದರ ಬಡ ತಮ್ಮ, ಒಪ್ಪಿದೆ. ತಬಲಾ, ಕೊಳಲು ಬರಲಿ, ಸಂತೋಷ. ಬಂದಿರುವುದು ಅವಲ್ಲವಲ್ಲ! ಬಂದಿರುವುದು ಗುಂಡಿ ಒತ್ತಿದರೆ ಡ್ರಮ್ಮನ್ನೂ ತಾನೇ ಬಾರಿಸುವ ಪೆಟ್ಟಿಗೆ.

ಖರ್ಚಿನ ಮಾತು ಮಾತ್ರ ತಳ್ಳಿಹಾಕುವಂಥದ್ದಲ್ಲ. ಮುಂಬಯಿ ಮಳೆಗೆ ಮರ ಉಬ್ಬುತ್ತದೆ, ತಿದಿಯ ಬಟ್ಟೆ ಹರಿಯುತ್ತದೆ, ಇಲಿಗಳಂತೂ ಬಿಡುವುದಿಲ್ಲ. ಆದರೂ ಪಿತ್ತಾಳೆಯ ರೀಡನ್ನು ಬಿಚ್ಚಿ ತೊಳೆಯಬಹುದು, ಕೆರೆದು ಶ್ರುತಿಗೆ ತರಬಹುದು, ತಿದಿಗೆ ಹೊಸ ಬಟ್ಟೆ ಅಂಟಿಸಬಹುದು. ಹಾರ್ಮೋನಿಯಂ ರಿಪೇರಿ ಬಲ್ಲವರಿಗೆ ಇದು ಬೇರೆ ಲೋಕದ ವಿದ್ಯೆಯಲ್ಲ. ಕೀಬೋರ್ಡಿನ ಬೋರ್ಡ್ ಸುಟ್ಟು, ಅಷ್ಟರಲ್ಲಿ ಕಂಪನಿ ಆ ಮಾಡೆಲ್ ನಿಲ್ಲಿಸಿದ್ದರೆ? ಇನ್ನೊಂದು ಕೊಳ್ಳಬೇಕು. ಎರಡರ ಇಪ್ಪತ್ತು ವರ್ಷದ ಖರ್ಚನ್ನು ಅಕ್ಕಪಕ್ಕ ಬರೆದು ಸಭೆಯ ಮುಂದಿಟ್ಟ ಸಮಿತಿಯನ್ನು ನಾನು ಕಂಡಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ಊರು ಬಿಟ್ಟು ಬಂದು ನಾಲ್ಕು ಕಾಸು ಕಂಡವರಿಗೆ ಹೊಸ ವಸ್ತು ಕೊಟ್ಟು ಹೆಸರು ಬರೆಸುವ ಹುಮ್ಮಸ್ಸು. ತಿದಿಗೆ ಬಟ್ಟೆ ಹಾಕಿಸಿದವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ. ಮುಂದಿನ ಸಲ ಕೀಬೋರ್ಡಿಗೆಂದು ಚಂದಾ ಕೇಳಲು ಬಂದರೆ, ಹಳೆಯದನ್ನು ರಿಪೇರಿಯವರಿಗೆ ತೋರಿಸಿದಿರಾ, ಅವರು ಎಷ್ಟು ಕೇಳಿದರು ಎಂದು ವಿಚಾರಿಸಿ. ಚೀಟಿ ತೋರಿಸಿದ ಮೇಲೆ ದುಡ್ಡು ಕೊಡಿ.